ಬುನಾದಿಗೆ ತುಂಬುವ ಮಣ್ಣು

ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ನಮ್ಮ ಎರೆಮಣ್ಣು ಬಿಳಿಜೋಳಕ್ಕೆ ತಾಯಿಯಿದ್ದಂತೆ; ಮನೆಯ ಬುನಾದಿಯೊಳಗೆ ತುಂಬಲು ಮಾತ್ರ ಸಲ್ಲದು. ಅದು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ನೆಲ ಎದ್ದು ಗೋಡೆ ಸೀಳುವುದು ಇದರಿಂದಲೇ. ಹತ್ತಿರ ಸಿಗುತ್ತದೆಂದು ಹೊಲದ ಮಣ್ಣು ತುಂಬುವವರು ಉಳಿಸುವುದು ಎರಡು ಗಾಡಿ ಬಾಡಿಗೆ ಅಷ್ಟೆ.

ಗರಸೇ ಮೇಲೆಂದು ನಾವು ಹೇಳುವೆವು. ತಂದ ಮಣ್ಣಿನ ಬಗ್ಗೆ ಸಂಶಯವಿದ್ದರೆ ಒಣಗಿಸಿ, ಪುಡಿಮಾಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿರಿ. ಒಂದೇ ಅಳತೆಯ ಎರಡು ಗಾಜಿನ ಶೀಸೆಗಳಿಗೆ ಸಮತೂಕ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ ಸುರಿದು ಕಲಕಿರಿ. (ಒಲೆಯಿಂದ ದೂರವಿರಲಿ.) ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ತಾಸಿನ ಮೇಲೆ ನೀರಿನ ಶೀಸೆಯ ಮಣ್ಣು ಎಣ್ಣೆಯದಕ್ಕಿಂತ ಒಂದೂವರೆ ಪಟ್ಟು ಎತ್ತರ ನಿಂತಿದ್ದರೆ ಅದನ್ನು ಹೊಲಕ್ಕೇ ಮರಳಿಸಬೇಕು. ಶಾಲೆಯ ಮಕ್ಕಳ ಕಣ್ಣಿಗೂ ಕಾಣುವಂಥ ಪರೀಕ್ಷೆ ಇದು.

ಬೇರು, ಕಸ, ಗೊಬ್ಬರ ಕೂಡಿದ ಮೇಲ್ಮಣ್ಣೂ ಬೇಡ, ಕೊಳೆತು ಕುಸಿಯುತ್ತದೆ. ಗರಸನ್ನು ಒಮ್ಮೆಲೇ ಸುರಿಯದೆ ಅರ್ಧ ಅಡಿಯ ಪದರಾಗಿ ಹರಡಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿಯಬೇಕು. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು, ಅದೇ ಹದ.

ಬುನಾದಿಯ ಕೆಳಗೇ ಆಳವಾದ ಎರೆ ಇದ್ದಲ್ಲಿ ಇಷ್ಟೇ ಸಾಲದು. ಅಗೆಯುವ ಮೊದಲೇ ಎಂಜಿನಿಯರರನ್ನು ಕೇಳಿರಿ.