ಕೊನೆಯ ನೀರಿಗೆ ಅರ್ಧ ಲೋಟ ಹುಳಿ

ಮದುವೆಯಾಗಿ ಹಲಸೂರಿನಿಂದ ಕೆ.ಆರ್. ಪುರದ ಕಡೆಗೆ ಬಂದ ಮೊದಲ ವಾರದಲ್ಲೇ ನನಗೊಂದು ಹೊಸ ವಿಷಯ ಗೊತ್ತಾಯಿತು: ಒಣಗಿದ ಟವೆಲ್ಲನ್ನು ಗೋಡೆಗೆ ಒರಗಿಸಿ ನಿಲ್ಲಿಸಬಹುದು. ತಂತಿಯಿಂದ ತೆಗೆದರೆ ಹಪ್ಪಳದ ಹಾಗೆ ಸದ್ದು ಮಾಡುತ್ತಿತ್ತು. ಮುಖ ಒರೆಸಿಕೊಂಡರೆ ಕೆನ್ನೆ ಉರಿ. ತವರಿನಲ್ಲಿ ಇಂಥದ್ದನ್ನು ನಾನು ಕಂಡವಳಲ್ಲ. ನಗರಕ್ಕೆ ಕಾವೇರಿ ಬಂದದ್ದು 1974ರಲ್ಲಿ. ನಾನು ಹುಟ್ಟುವ ಹೊತ್ತಿಗೆ ನಮ್ಮ ಹಲಸೂರಿನ ನಲ್ಲಿಯಲ್ಲಿ ಅದೇ ಹರಿಯುತ್ತಿತ್ತು. ಗಂಡನ ಮನೆಯಿದ್ದದ್ದು 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಲ್ಲೊಂದರಲ್ಲಿ. ಊರೇನೋ ನಗರಕ್ಕೆ ಸೇರಿತ್ತು, ನೀರು ಮಾತ್ರ ಬೋರ್‌ವೆಲ್ಲಿನದು.

ಬಟ್ಟೆ ಒರಟಾದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪೌಡರ್ ಒಂದು ಚಮಚ ಹೆಚ್ಚು ಹಾಕಿದೆ. ಆಮೇಲೆ ಇನ್ನೊಂದು. ಅದರ ಮೇಲೆ ಬಟ್ಟೆ ಮೆತ್ತಗಾಗಲಿ ಎಂದು ಕಂಡಿಷನರ್ ಬಾಟಲಿ ತಂದೆ. ಟವೆಲ್ ಮೆತ್ತಗೇನೋ ಆಯಿತು, ಆದರೆ ನೀರು ಹೀರುವುದನ್ನೇ ಮರೆಯಿತು. ಕಂಡಿಷನರ್ ನೂಲಿನ ಮೇಲೆ ಜಿಡ್ಡಿನಂಥ ತೆಳು ಪದರ ಹಚ್ಚುತ್ತದೆ. ಮೃದು ಎನ್ನಿಸುವುದು ಅದರಿಂದಲೇ, ನೀರು ಹಿಡಿಯದಿರುವುದೂ ಅದರಿಂದಲೇ.

2024ರ ಮಾರ್ಚ್ ನಿಮಗೆ ನೆನಪಿರಬೇಕು. ಬೋರ್ ಬತ್ತಿ, ಟ್ಯಾಂಕರಿನವರು ಹೇಳಿದ್ದೇ ಬೆಲೆಯಾಗಿ, ಕೊನೆಗೆ ಜಿಲ್ಲಾಡಳಿತವೇ ಐದು ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಎಂದು ದರ ಕಟ್ಟಬೇಕಾಯಿತು. ಮನೆಯ ಪ್ರತಿ ಖರ್ಚನ್ನೂ ನೋಟ್‌ಬುಕ್ಕಿನಲ್ಲಿ ಬರೆಯಲು ಕೂತದ್ದು ಆಗಲೇ. ಆ ತಿಂಗಳೇ ಗೀಸರ್ ಕೈಕೊಟ್ಟಿತು. ರಿಪೇರಿಯವರು ಒಳಗಿನ ಕಾಯಿಲ್ ಎಳೆದು ತೆಗೆದರೆ ಅದರ ಮೇಲೆ ಬೆರಳು ದಪ್ಪ ಬಿಳಿ ಹೊಪ್ಪಳೆ. "ನೀರು ಹಿಂಗಿದ್ರೆ ವರ್ಷಕ್ಕೊಂದು ಬೇಕಾಗತ್ತೆ ಮೇಡಂ," ಎಂದು 900 ರೂಪಾಯಿ ತೆಗೆದುಕೊಂಡು ಹೋದರು.

ಬಿದ್ದಿದ್ದ ಒಂದು ಚೂರನ್ನು ಬಟ್ಟಲಿಗೆ ಹಾಕಿ, ಗೋಬಿ ಮಂಚೂರಿಗೆಂದು ತಂದಿಟ್ಟಿದ್ದ ವಿನೆಗರ್ ಸುರಿದೆ. ಸುಸ್ ಎಂದು ಸಣ್ಣ ಸಣ್ಣ ಗುಳ್ಳೆ ಎದ್ದವು. ಮರುದಿನ ಬೆಳಿಗ್ಗೆ ಚೂರು ಅರ್ಧ ಕರಗಿತ್ತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾದಾಗ ಸುಣ್ಣದ ಕಲ್ಲಿನಂತೆ ಕೂರುತ್ತದೆ. ಹುಳಿ ಅದನ್ನು ಬಿಡಿಸುತ್ತದೆ. ಅದೇ ನೀರು ಬಟ್ಟೆಯಲ್ಲಿ ಆರಿದಾಗಲೂ ಉಳಿಯುವುದು ಇದೇ ಸರಕು. ಹಾಗಾದರೆ ಟವೆಲ್ಲಿಗೂ ಇದೇ ಮದ್ದಲ್ಲವೇ?

'ನೈಸರ್ಗಿಕ' ಎಂಬ ಪದದ ಬೆಲೆ ಗೊತ್ತಾದದ್ದು ಇಂದಿರಾನಗರದ ಅಂಗಡಿಯೊಂದರಲ್ಲಿ. ಸೇಬಿನ ಹಣ್ಣಿನ ವಿನೆಗರ್, ಅರ್ಧ ಲೀಟರಿಗೆ 300 ರೂಪಾಯಿ. ನಮ್ಮ ಅಡುಗೆಮನೆಯ ಬಿಳಿ ವಿನೆಗರ್ 650 ಮಿಲಿಗೆ 60 ರೂಪಾಯಿ. ಅದರ ಚೀಟಿ ಓದಿದರೆ 'ಸಿಂಥೆಟಿಕ್, ಅಸಿಟಿಕ್ ಆಮ್ಲದಿಂದ ತಯಾರಿಸಿದ್ದು' ಎಂದೇ ಬರೆದಿದೆ. ಹಣ್ಣು ಕೊಳೆಸಿ ಮಾಡಿದ್ದಲ್ಲ, ಕಾರ್ಖಾನೆಯ ಆಮ್ಲಕ್ಕೆ ನೀರು ಬೆರೆಸಿದ್ದು. ಬಟ್ಟೆಗೆ ಬೇಕಾದದ್ದು ಬರೀ ಹುಳಿ. ಸೇಬಿನ ಬಣ್ಣ ಬಿಳಿ ಬನಿಯನ್ನಿಗೆ ಯಾಕೆ? ಅಗ್ಗದ್ದನ್ನೇ ಹಿಡಿದೆ.

ಟವೆಲ್ ನಿಜಕ್ಕೂ ಸಡಿಲವಾಯಿತು. ಲೆಕ್ಕ ಮಾತ್ರ ಮುಖ ಗಂಟಿಕ್ಕಿತು. ಕಂಡಿಷನರ್ 860 ಮಿಲಿಗೆ 230 ರೂಪಾಯಿ. ಒಂದು ಒಗೆತಕ್ಕೆ 40 ಮಿಲಿ ಎಂದರೆ 10 ರೂಪಾಯಿ 70 ಪೈಸೆ. ವಿನೆಗರ್ ಒಂದು ಒಗೆತಕ್ಕೆ ಅರ್ಧ ಲೋಟ, ಅಂದರೆ 100 ಮಿಲಿ ಬೇಕು; ಅದಕ್ಕೆ 9 ರೂಪಾಯಿ 20 ಪೈಸೆ. ಉಳಿದದ್ದು ಒಂದೂವರೆ ರೂಪಾಯಿ. ತಿಂಗಳಿಗೆ 22 ಒಗೆತ ಎಂದರೂ 33 ರೂಪಾಯಿ. ಅಂಗಡಿಗೆ ಹೋಗಿ ಬರುವ ಆಟೋಗೂ ಸಾಲದು. ಅತ್ತೆಯವರು ಬೇರೆ ಮೂಗು ಮುಚ್ಚಿಕೊಂಡು, "ಏನಮ್ಮಾ, ಮನೆಯೆಲ್ಲ ಉಪ್ಪಿನಕಾಯಿ ಭರಣಿ ಆಯ್ತಲ್ಲ" ಎಂದರು. ಬಟ್ಟೆ ಒಣಗಿದ ಮೇಲೆ ವಾಸನೆ ಇರುವುದಿಲ್ಲ ಎಂದು ಅವರನ್ನು ಒಪ್ಪಿಸಲು ಎರಡು ವಾರ ಬೇಕಾಯಿತು.

ನನ್ನ ಲೆಕ್ಕವನ್ನು ತಿದ್ದಿದವರು ತವರಿನ ಬೀದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿರುವ ಇಸ್ತ್ರಿ ತಾತ. ಒಂದು ಭಾನುವಾರ ಅಮ್ಮನ ಮನೆಗೆ ಹೋದವಳು ನಮ್ಮ ದಿಂಬಿನ ಕವರುಗಳನ್ನೂ ಅವರಿಗೆ ಕೊಟ್ಟೆ. ಇದ್ದಿಲ ಪೆಟ್ಟಿಗೆ ಬದಿಗಿಟ್ಟು, ಬಟ್ಟೆಗೆ ನೀರು ಚಿಮುಕಿಸಿ ಹೆಬ್ಬೆರಳಲ್ಲಿ ಉಜ್ಜಿದರು. ಉಜ್ಜಿದಲ್ಲಿ ಸಣ್ಣಗೆ ನೊರೆ ಬಂತು.

"ನೋಡಮ್ಮಾ, ಒಗೆದ ಬಟ್ಟೆ ಇದು! ಅರ್ಧ ಸೋಪು ಇದರೊಳಗೇ ಕೂತಿದೆ."

"ಬೋರ್ ನೀರು ತಾತ, ಬಿಡೋದೇ ಇಲ್ಲ."

"ನೀರು ಬಿಡಲ್ಲ ಅಂತ ನೀನು ಜಾಸ್ತಿ ಹಾಕ್ತೀಯ, ಜಾಸ್ತಿ ಹಾಕಿದ್ದಕ್ಕೆ ಅದು ಬಿಡಲ್ಲ. ನಮ್ಮಪ್ಪ ಸೋಡಾದಲ್ಲಿ ಒಗೆದ ಬಟ್ಟೆಗೆ ಕೊನೇ ನೀರಲ್ಲಿ ಹುಳಿ ತೋರಿಸೋರು. ಇಲ್ದಿದ್ರೆ ಇಸ್ತ್ರಿ ಇಟ್ಟ ಕಡೆ ಹಳದಿ ತಿರುಗತ್ತೆ. ಆದ್ರೆ ಮೊದಲು ಸೋಡಾ ಅಳತೆ, ಆಮೇಲೆ ಹುಳಿ."

ನಾನು ಹೊಸದಾಗಿ ಕಂಡುಹಿಡಿದೆ ಎಂದುಕೊಂಡದ್ದು ಅವರ ಮನೆತನದ ಹಳೆಯ ಪಾಠ. ದೊಡ್ಡ ಲಾಂಡ್ರಿಗಳಲ್ಲೂ ಕೊನೆಯ ನೀರಿಗೆ ಹುಳಿ ಹಾಕುವ ಕ್ರಮವಿದೆ. ಬಟ್ಟೆಯಲ್ಲುಳಿದ ಕ್ಷಾರವನ್ನು ಮುರಿಯುವುದಕ್ಕೆ. ಮರುದಿನ ಪೌಡರ್ ಪೊಟ್ಟಣದ ಬೆನ್ನನ್ನು ಮೊದಲ ಸಲ ಓದಿದೆ. ಹಾಕಬೇಕಾದದ್ದು 60 ಗ್ರಾಂ, ನಾನು ಹಾಕುತ್ತಿದ್ದದ್ದು 100. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ ಯಾರ್ಯಾರನ್ನೋ ಬೈದವರಲ್ಲಿ ನಾನೂ ಒಬ್ಬಳು. ಆ ಹೆಚ್ಚಿನ 40 ಗ್ರಾಂ ಹರಿದು ಹೋಗುತ್ತಿದ್ದದ್ದೂ ಯಾವುದೋ ಕೆರೆಗೇ.

ವಿನೆಗರ್ ಈಗ ಶಿವಾಜಿನಗರದಿಂದ ಬರುತ್ತದೆ. ಹೋಟೆಲಿನವರಿಗೆ, ಉಪ್ಪಿನಕಾಯಿ ಹಾಕುವವರಿಗೆ ಮಾರುವ ಸಗಟು ಅಂಗಡಿಯಲ್ಲಿ ಐದು ಲೀಟರ್ ಕ್ಯಾನಿಗೆ 220 ರೂಪಾಯಿ ಕೊಟ್ಟೆ. ಅರ್ಧ ಲೋಟಕ್ಕೆ 4 ರೂಪಾಯಿ 40 ಪೈಸೆ. ಎಲ್ಲ ಒಗೆತಕ್ಕೂ ಹಾಕುವುದಿಲ್ಲ. ಟವೆಲ್, ಹಾಸಿಗೆ ಹೊದಿಕೆ, ಮಕ್ಕಳ ಯೂನಿಫಾರಂ, ಹೀಗೆ ತಿಂಗಳಿಗೆ ಹತ್ತು ಸಲ. ಎರಡು ವರ್ಷದಲ್ಲಿ ಕೈ ಸುಟ್ಟುಕೊಂಡು ಕಲಿತದ್ದನ್ನೂ ಹೇಳಿಬಿಡುತ್ತೇನೆ.

ಪೌಡರ್ ಜೊತೆಯಲ್ಲೇ ವಿನೆಗರ್ ಸುರಿಯಬೇಡಿ. ಪೌಡರ್ ಕ್ಷಾರ, ಇದು ಹುಳಿ. ಒಂದನ್ನೊಂದು ಹೊಡೆದುಹಾಕಿ ಎರಡೂ ದಂಡ. ಅಡುಗೆ ಸೋಡಾ ಬೆರೆಸಿದರೂ ಅಷ್ಟೇ. ಬುಸುಬುಸು ನೊರೆ ಬರುವುದು ನೋಡಲು ಚೆಂದ, ಕೊನೆಗೆ ಉಳಿಯುವುದು ಉಪ್ಪಿನ ನೀರು. ಎಣ್ಣೆ ಕಲೆಗೆ ಇದರಿಂದ ಏನೂ ಆಗದು, ಅದಕ್ಕೆ ಸೋಪೇ ಬೇಕು. ಬ್ಲೀಚ್ ಹಾಕಿದ ಬಟ್ಟೆಯ ಹತ್ತಿರ ಮಾತ್ರ ವಿನೆಗರ್ ತರಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಇನ್ನೂ ಅಪಾಯ. ಮೆಷಿನ್ನಿನ ರಬ್ಬರಿಗೆ ಹುಳಿ ಒಗ್ಗುತ್ತದೆಯೋ ಇಲ್ಲವೋ ಕೈಪಿಡಿ ನೋಡಿ. ನಾನಂತೂ ಟವೆಲ್ಲನ್ನು ಬಕೆಟ್ಟಿನಲ್ಲೇ ಹುಳಿ ನೀರಿಗೆ ಅದ್ದಿ ಹಿಂಡುತ್ತೇನೆ. ಬಕೆಟ್ ಇಡುವ ಜಾಗದಲ್ಲಿ ಕಡಪಾ ಕಲ್ಲಿದ್ದರೆ ಚೆಲ್ಲದಂತೆ ಎಚ್ಚರ. ಅದೂ ಸುಣ್ಣದ ಜಾತಿಯ ಕಲ್ಲೇ. ನಮ್ಮ ಬಾಲ್ಕನಿಯಲ್ಲಿ ಹೊಳಪು ಹೋದ ತಟ್ಟೆಯಗಲದ ಗುರುತು ಇನ್ನೂ ಇದೆ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್, ನಮ್ಮಂಥ 110 ಹಳ್ಳಿಗಳಿಗೆಂದೇ. ನಮ್ಮ ಕಟ್ಟಡಕ್ಕೂ ಬಂತು, ಆದರೆ ಸಂಪಿನಲ್ಲಿ ಬೋರ್ ನೀರಿನೊಂದಿಗೆ ಬೆರೆತೇ ಮೇಲೇರುತ್ತದೆ. ಹಾಗಾಗಿ ಕ್ಯಾನಿಗೆ ಇನ್ನೂ ಕೆಲಸವಿದೆ.

ಈಗ ಪೂರ್ತಿ ಲೆಕ್ಕ. ಮೊದಲು ತಿಂಗಳಿಗೆ ಪೌಡರ್ ಕಿಲೋಗೆ 140ರಂತೆ 308 ರೂಪಾಯಿ, ಕಂಡಿಷನರ್ 235, ಒಟ್ಟು 543. ಈಗ ಪೌಡರ್ 185, ವಿನೆಗರ್ 44, ಒಟ್ಟು 229. ಉಳಿತಾಯ 314. ಇದನ್ನು ಕೇಳಿದ ನೆರೆಯವರೆಲ್ಲ ವಿನೆಗರಿನ ಮಹಿಮೆ ಎಂದರು. ನೋಟ್‌ಬುಕ್ ಹಾಗೆ ಹೇಳುವುದಿಲ್ಲ. ಹತ್ತು ಒಗೆತಕ್ಕೆ ಕಂಡಿಷನರ್ ಬದಲು ವಿನೆಗರ್ ಹಾಕಿದ್ದರಿಂದ ಉಳಿದದ್ದು 63 ರೂಪಾಯಿ. ಉಳಿದ ಹನ್ನೆರಡು ಒಗೆತಕ್ಕೆ ಏನನ್ನೂ ಹಾಕದೆ ಬಿಟ್ಟದ್ದರಿಂದ 128. ಪೌಡರನ್ನು ಅಳತೆಗೆ ಇಳಿಸಿದ್ದರಿಂದ 123.

ಕ್ಯಾನಿನ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ, ಪ್ರತಿ ಸಲ ಮುಚ್ಚಳ ತೆಗೆಯುವಾಗ ಕಣ್ಣಿಗೆ ಬೀಳಲಿ ಎಂದು: ಹಾಕಿದ್ದರಿಂದ 63, ಹಾಕದ್ದರಿಂದ 251.