ಅಂತರರಾಷ್ಟ್ರೀಯ ವಸತಿ ಶಾಲೆಗೆ ಸೇರಿಸುವ ಮುನ್ನ

ವಿದ್ಯಾರ್ಜನೆಗಾಗಿ ಮನೆಯನ್ನು ತೊರೆದು ಪರಸ್ಥಳದಲ್ಲಿ ವಾಸಿಸುವುದು ಚಾಮರಾಜನಗರದ ಸೀಮೆಗೆ ನೂತನವಾದುದಲ್ಲ. ಗೋಸಲ ಚನ್ನಬಸವೇಶ್ವರರ ಗುರುಪೀಠದಿಂದ ಪ್ರಸಿದ್ಧವಾದ ಹರದನಹಳ್ಳಿಯಿಂದಲೇ ಅವರ ಶಿಷ್ಯರಾದ ತೋಂಟದ ಸಿದ್ಧಲಿಂಗ ಯತಿಗಳು ಹೊರಟು, ನಾಡನ್ನು ಸಂಚರಿಸಿ, ಎಡೆಯೂರಿನಲ್ಲಿ ನೆಲೆಸಿದರೆಂದು ಪರಂಪರೆಯು ಹೇಳುತ್ತದೆ. ಆದರೆ ಇಂದು ಮಗುವನ್ನು ಅಂತರರಾಷ್ಟ್ರೀಯ ವಸತಿ ಶಾಲೆಗೆ ಕಳುಹಿಸಬಯಸುವ ತಂದೆತಾಯಿಗಳು ಕ್ರಮವರಿತು ಮುಂದುವರಿಯದಿದ್ದರೆ, ಲಾಭಕ್ಕಿಂತ ನಷ್ಟವೇ ಅಧಿಕವಾದೀತು.

1. ಕಾಲನಿರ್ಣಯ

ಶಾಲೆಯ ಹೆಸರಿಗಿಂತ ಮೊದಲು, ಎಷ್ಟನೆಯ ತರಗತಿಗೆ ಕಳುಹಿಸುವುದೆಂಬುದು ನಿಶ್ಚಯವಾಗಬೇಕು. ಕರ್ನಾಟಕದ ಸಿ.ಇ.ಟಿ. ಸೀಟುಗಳಿಗೆ ಸಾಮಾನ್ಯ ನಿಯಮದಂತೆ, 1ರಿಂದ 12ನೆಯ ತರಗತಿಯೊಳಗೆ ಕನಿಷ್ಠ 7 ವರ್ಷ ಈ ರಾಜ್ಯದಲ್ಲಿ ಓದಿ, 10 ಅಥವಾ 12ನೆಯ ತರಗತಿಯಲ್ಲಿ ಇಲ್ಲಿಯೇ ತೇರ್ಗಡೆಯಾಗಿರಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗಳಿಗಾದರೋ 1ರಿಂದ 10ರವರೆಗಿನ ವ್ಯಾಸಂಗವೆಲ್ಲವೂ ಗಣನೆಗೆ ಬರುತ್ತದೆ. ಆದುದರಿಂದ ಐದನೆಯ ತರಗತಿ ಮುಗಿಸಿದ ಹರದನಹಳ್ಳಿಯ ಬಾಲಕನನ್ನು ತಮಿಳುನಾಡಿನ ಉದಕಮಂಡಲದ ಶಾಲೆಗೆ ಸೇರಿಸಿದರೆ ಈ ಸೌಲಭ್ಯಗಳು ಕೈತಪ್ಪುವ ಸಂಭವವುಂಟು. ಹತ್ತನ್ನು ಊರಿನಲ್ಲಿಯೇ ಮುಗಿಸಿ ಹೋದವನಿಗೆ ಆ ಭಯ ಕಡಿಮೆ. ಆಯಾ ವರ್ಷದ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯನ್ನು ಓದಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಉಳ್ಳ ವ್ಯಾಸಂಗ ಪ್ರಮಾಣಪತ್ರಗಳನ್ನು ಹೊರಡುವ ಮುನ್ನವೇ ಪಡೆದಿಟ್ಟುಕೊಳ್ಳತಕ್ಕದ್ದು.

2. ಪಠ್ಯಕ್ರಮದ ಪರಿಶೀಲನೆ

ಅಂತರರಾಷ್ಟ್ರೀಯವೆಂಬ ವಿಶೇಷಣವು ಫಲಕದ ಮೇಲಿದ್ದ ಮಾತ್ರಕ್ಕೆ ತೃಪ್ತರಾಗದೆ, ಕೇಂಬ್ರಿಡ್ಜ್ ಪರೀಕ್ಷೆಯೋ ಐ.ಬಿ. (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಡಿಪ್ಲೊಮವೋ ಎಂಬುದನ್ನು ವಿಚಾರಿಸಬೇಕು. 1968ರಲ್ಲಿ ಜಿನೀವಾದಲ್ಲಿ ಸ್ಥಾಪಿತವಾದ ಐ.ಬಿ. ಸಂಸ್ಥೆಯ ಎರಡು ವರ್ಷಗಳ ಈ ಡಿಪ್ಲೊಮದಲ್ಲಿ ಆರು ವಿಷಯಗಳಲ್ಲದೆ, 4000 ಪದಗಳ ಮಿತಿಯುಳ್ಳ ಸಂಶೋಧನ ಪ್ರಬಂಧವೂ, ಜ್ಞಾನದ ಸ್ವರೂಪವನ್ನು ಕುರಿತ ಅಧ್ಯಯನವೂ, ಸೇವಾಕಾರ್ಯವೂ ಸೇರಿರುತ್ತವೆ. ವೈದ್ಯನಾಗಬಯಸುವವನು ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಒಟ್ಟಿಗೆ ಓದಲು ಸಾಧ್ಯವೇ ಎಂದು ಪ್ರವೇಶಕ್ಕೆ ಮೊದಲೇ ಕೇಳಬೇಕು. ಮಾತೃಭಾಷಾ ಸಾಹಿತ್ಯವನ್ನು ಶಾಲೆಯ ನೆರವಿನೊಡನೆ ಸ್ವಾಧ್ಯಾಯದಿಂದ ಓದುವ ವ್ಯವಸ್ಥೆಯೊಂದು ಐ.ಬಿ.ಯಲ್ಲಿರುವುದರಿಂದ, ಕನ್ನಡಕ್ಕೆ ಅದು ದೊರೆಯುವುದೇ ಎಂಬುದನ್ನೂ ಪತ್ರಮುಖೇನ ತಿಳಿದುಕೊಳ್ಳುವುದು ಯುಕ್ತ.

3. ಹಣದ ಲೆಕ್ಕ

ಇಂತಹ ಶಾಲೆಗಳ ವಾರ್ಷಿಕ ವೆಚ್ಚ ಹಲವು ಲಕ್ಷಗಳಾಗುವುದರಿಂದ, ಬೋಧನ ಶುಲ್ಕ, ಠೇವಣಿ, ಪರೀಕ್ಷಾ ಶುಲ್ಕ, ಸಮವಸ್ತ್ರ, ಪ್ರಯಾಣಗಳ ಮೊತ್ತವನ್ನು ಬೇರೆಬೇರೆಯಾಗಿ ಬರೆಯಿಸಿಕೊಳ್ಳಬೇಕು. ಸಾಧಾರಣ ಕುಟುಂಬದವರು ಪುಣೆಯ ಸಮೀಪದಲ್ಲಿ 1997ರಲ್ಲಿ ಆರಂಭವಾದ ಮಹೀಂದ್ರ ಯುನೈಟೆಡ್ ವರ್ಲ್ಡ್ ಕಾಲೇಜನ್ನು ಗಮನಿಸಬಹುದು. ಅಲ್ಲಿಗೆ ಪ್ರವೇಶ ಹತ್ತನೆಯ ತರಗತಿಯ ನಂತರ, ವಿದ್ಯಾರ್ಥಿವೇತನ ಕುಟುಂಬದ ಅಗತ್ಯವನ್ನು ಅನುಸರಿಸಿ. ಆರನೆಯ ತರಗತಿಯಿಂದಲೇ ವಸತಿ ಶಿಕ್ಷಣ ಬೇಕೆನ್ನುವವರಿಗೆ ನಮ್ಮ ಜಿಲ್ಲೆಯ ಹೊಂಡರಬಾಳಿನ ಜವಾಹರ ನವೋದಯ ವಿದ್ಯಾಲಯವಿದೆ. ಅಲ್ಲಿ ಊಟ ವಸತಿಗಳು ಉಚಿತ, ಕನಿಷ್ಠ ಶೇ. 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು.

4. ಪ್ರತ್ಯಕ್ಷ ದರ್ಶನ

1899ರಲ್ಲಿ ಸ್ಥಾಪಿತವಾದ ಹೆಬ್ರಾನ್ ಶಾಲೆ, 1977ರ ಗುಡ್ ಶೆಫರ್ಡ್ ಶಾಲೆ ಮೊದಲಾದವು ಉದಕಮಂಡಲದಲ್ಲಿರುವುದರಿಂದ ಗುಂಡ್ಲುಪೇಟೆಯ ಮಾರ್ಗವಾಗಿ ಹೋಗಿಬರುವುದು ಸುಲಭ. ಆದರೆ ಬಂಡೀಪುರದ ಅರಣ್ಯಮಾರ್ಗದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ 2009ರಿಂದ ನಿರ್ಬಂಧವಿರುವುದನ್ನೂ, ನೀಲಗಿರಿಯನ್ನು ಪ್ರವೇಶಿಸುವ ಹೊರಗಿನ ವಾಹನಗಳಿಗೆ 2024ರಿಂದ ಇ-ಪಾಸ್ ವಿಧಿಸಿರುವುದನ್ನೂ ಮರೆಯಲಾಗದು. ಮಗುವಿಗೆ ರಾತ್ರಿ ಜ್ವರ ಬಂದರೆ ಸ್ವಂತ ವಾಹನದಲ್ಲಿ ಈ ದಾರಿಯಾಗಿ ಒಡನೆಯೇ ಧಾವಿಸುವಂತಿಲ್ಲ. ಅದಕ್ಕಾಗಿಯೇ ತರಗತಿಯ ಕೋಣೆಗಳಿಗಿಂತ ಶುಶ್ರೂಷಾಲಯವನ್ನೂ, ದಾದಿಯ ಲಭ್ಯತೆಯನ್ನೂ, ರಾತ್ರಿ ವಸತಿಗೃಹದಲ್ಲಿ ಇರುವವರಾರೆಂಬುದನ್ನೂ ಮೊದಲು ನೋಡಬೇಕು.

5. ಮಗುವಿನ ಸಿದ್ಧತೆ

ಪ್ರವೇಶಕ್ಕೆ ಕೆಲವು ತಿಂಗಳು ಮೊದಲೇ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವುದು, ಹಾಸಿಗೆ ಮಡಿಸುವುದು, ಕೈಖರ್ಚಿನ ಲೆಕ್ಕ ಬರೆಯುವುದು, ದೇಹಾಲಸ್ಯವಾದರೆ ಅಂಜದೆ ಹಿರಿಯರಿಗೆ ಹೇಳುವುದು ರೂಢಿಯಾಗಬೇಕು. ಮೊದಲ ಅವಧಿಯಲ್ಲಿ ಶಾಲೆಯು ಗೊತ್ತುಪಡಿಸಿದ ವೇಳೆಯಲ್ಲಿ ಮಾತ್ರ ದೂರವಾಣಿಯಲ್ಲಿ ಮಾತನಾಡಿ, ಮನೆಯ ಹಂಬಲದ ಅಳುವನ್ನು ಗಾಬರಿಪಡದೆ ಕೇಳಬೇಕು. ಆದರೆ ಊಟ ಬಿಟ್ಟಿರುವುದು, ನಿದ್ರೆಗೆಟ್ಟಿರುವುದು, ಒಬ್ಬರ ಹೆಸರೆತ್ತಿದರೆ ಮೌನವಾಗುವುದು ಕಂಡುಬಂದರೆ, ಕಟ್ಟಿದ ಶುಲ್ಕವನ್ನು ಗಣಿಸದೆ ಮರುದಿನವೇ ಹೊರಟು ಹೋಗಿ ವಿಚಾರಿಸತಕ್ಕದ್ದು.