ಒಡೆದ ಹೆಂಚು ಹಿತ್ತಲಲ್ಲೇ ಇರಲಿ

ಪುಟ್ಟಿ, ಮಾಡಿನ ಹೆಂಚು ಇಳಿಸಿ ಆರ್‌ಸಿಸಿ ಹಾಕಿಸುತ್ತಿದ್ದೀಯಂತೆ. ಹಾಕಿಸು. ಒಡೆದ ಹೆಂಚನ್ನು ಹಳ್ಳಕ್ಕೆ ಸುರಿಯಲು ಟ್ರ್ಯಾಕ್ಟರಿನವನಿಗೆ ಹೇಳಿದ್ದೀಯೆಂದು ನಿನ್ನಮ್ಮ ಫೋನಿನಲ್ಲಿ ಅಂದಳು. ಅದನ್ನು ಮಾತ್ರ ಒಂದು ವಾರ ತಡೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಈ ಹೆಂಚು ನಮ್ಮ ಮಳೆ ತಡೆಯುತ್ತ ಬಂದಿದೆ. ಒಡೆದ ಮೇಲೂ ಅದಕ್ಕೆ ಕೆಲಸವಿದೆ, ನಿಮ್ಮ ಬಚ್ಚಲ ಹಿಂದೆ: ತೊಟ್ಟಿಯಲ್ಲಿ ತುಂಬಿಟ್ಟು ಬಚ್ಚಲ ನೀರು ಸೋಸುವುದು.

ಹೆಂಚಿನ ಚೂರು ನೀರು ಸೋಸುತ್ತದೆ ಅನ್ನುವುದು ಅರ್ಧ ನಿಜ. ಅದರ ಮೈ ಒರಟು, ತುಂಬ ಸಣ್ಣ ಸಣ್ಣ ರಂಧ್ರ. ಕೆಲವು ವಾರಗಳಲ್ಲಿ ಮೇಲೆ ತೆಳ್ಳಗೆ ಲೋಳೆ ಕಟ್ಟುತ್ತದೆ. ಸೋಪು, ಕೊಳೆ ತಿಂದು ಬದುಕುವ ಸೂಕ್ಷ್ಮಜೀವಿಗಳ ಸಂಸಾರ ಅದು. ದುಡಿಯುವುದು ಅವು, ಹೆಂಚು ಬರೀ ಬಾಡಿಗೆಮನೆ. ನಾನು ಮೊದಲ ಸಲ ಮಾಡಿದಾಗ ಆ ಲೋಳೆಗೆ ಹೇಸಿ, ಚೂರೆಲ್ಲ ಹೊರತೆಗೆದು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆದೆ. ಆಮೇಲೆ ವಾರಗಟ್ಟಲೆ ನಾತ. ನಿನ್ನತ್ತೆ ಹಿತ್ತಲ ಬಾಗಿಲನ್ನೇ ತೆಗೆಯಲಿಲ್ಲ.

ಐದು ಜನರ ಸ್ನಾನ, ಬಟ್ಟೆಯ ನೀರು ದಿನಕ್ಕೆ 350 ಲೀಟರ್ ಅಂತ ಹಿಡಿ. 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳದ ತೊಟ್ಟಿಗೆ ಚೂರು ತುಂಬಿದರೂ ಸಂದಿನಲ್ಲಿ 600 ಲೀಟರಿನಷ್ಟು ನೀರು ಹಿಡಿಯುತ್ತದೆ. ಒಂದೂವರೆ ದಿನ ತಂಗಿದರೆ ಆ ಜೀವಿಗಳಿಗೆ ಊಟಕ್ಕೆ ಪುರಸೊತ್ತು. ಚೂರು ನೆಲ್ಲಿಕಾಯಿಯಿಂದ ನಿಂಬೆಹಣ್ಣಿನ ಗಾತ್ರದ ಒಳಗಿರಲಿ. ಪುಡಿಯನ್ನು ಜರಡಿ ಹಿಡಿದು ತೆಗೆ, ಇಲ್ಲದಿದ್ದರೆ ಬೇಗ ಕಟ್ಟಿಕೊಳ್ಳುತ್ತದೆ. ಹೊರಹೋಗುವ ಪೈಪು ಚೂರಿನ ಮಟ್ಟಕ್ಕಿಂತ 2 ಅಂಗುಲ ಕೆಳಗಿದ್ದರೆ ನೀರು ಮೇಲೆ ಕಾಣದು, ಸೊಳ್ಳೆಗೂ ಜಾಗವಿಲ್ಲ. ನಿಮ್ಮೂರ ಮಳೆ ಗೊತ್ತಲ್ಲ, ತೊಟ್ಟಿಯ ಅಂಚು ಅರ್ಧ ಅಡಿ ಎತ್ತರಿಸು.

ನೀರು ತೊಟ್ಟಿಗೆ ಬೀಳುವ ಬಾಯಲ್ಲಿ ಕೂದಲು ಹಿಡಿಯಲು ತೆಂಗಿನ ನಾರು ಇಡು. ಮೊದಮೊದಲು ನೀರು ಕಂದಾಗುತ್ತದೆ, ಹೆದರಬೇಡ. ನಾರು ಹಳತಾದರೆ ಗೊಬ್ಬರಗುಂಡಿಗೆ. ಒಲೆಯ ಇದ್ದಿಲೂ ಸ್ವಲ್ಪ ಹಾಕಬಹುದು, ವಾಸನೆ ಎಳೆದುಕೊಳ್ಳುತ್ತದೆ. ಆದರೆ ಅದಕ್ಕೂ ಹೊಟ್ಟೆ ತುಂಬುತ್ತದೆ, ಆಗಾಗ ಬದಲಿಸಬೇಕು. ಅಡುಗೆಮನೆಯ ಜಿಡ್ಡುನೀರು ಬೇರೆ ಸಣ್ಣ ತೊಟ್ಟಿಯಲ್ಲಿ ಜಿಡ್ಡು ಬಿಟ್ಟು ಬರಲಿ. ಪಾಯಿಖಾನೆ ನೀರು ಈ ಕಡೆ ಸುಳಿಯಲೇಬಾರದು.

ಮತ್ತೆ, ಕೊಟ್ಟಿಗೆಯ ಆಸ್‌ಬೆಸ್ಟಾಸ್ ಶೀಟನ್ನೂ ಇದರ ಜೊತೆ ಒಡೆದು ಹಾಕೋಣ ಅಂತ ಮೇಸ್ತ್ರಿ ಅಂದರೆ ಒಪ್ಪಬೇಡ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ತೊಟ್ಟಿಯಿಂದ ಸೋಸಿ ಬಂದ ನೀರು ಬಾಳೆಗೆ, ಅಡಿಕೆಗೆ ಹೋಗಲಿ, ಸೊಪ್ಪಿನ ಮಡಿಗೆ ಬೇಡ. ಶನಿವಾರ ನಾನೇ ಬರುತ್ತೇನೆ. ಸುತ್ತಿಗೆ ತರುತ್ತೇನೆ, ಚೂರಿನ ಮೇಲೆ ನೆಡಲು ನಿನ್ನತ್ತೆ ಕಾಬಾಳೆ ಗೆಡ್ಡೆ ಕಟ್ಟಿಟ್ಟಿದ್ದಾಳೆ.